ಕೇಳಿದ ಮೇಲೆ ಕೊಟ್ಟ ನೂಲು

ಅದು 1961ನೇ ಇಸವಿ. ನನ್ನ ಗಂಡ ಶಾಲೆಯ ಮಾಸ್ಟ್ರು. ಅವರಿಗೆ ಪುತ್ತೂರಿಗೆ ವರ್ಗವಾಗಿ ದರ್ಬೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಮಗಳು ಸುಮತಿಗೆ ಮೂರು ವರ್ಷ ತುಂಬಿದರೂ ಬಾಯಿಂದ ಒಂದು ಮಾತು ಬಂದಿರಲಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸಿ "ಊಂ" ಅನ್ನುತ್ತಿದ್ದಳು, ನಾನು ಓಡಿ ಹೋಗಿ ತಂದುಕೊಡುತ್ತಿದ್ದೆ. ಕಿವಿಗೆ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಊರಿನಿಂದ ಬಂದ ಅತ್ತೆ ಪಕ್ಕದ ಕೋಣೆಯಲ್ಲಿ 'ಮೂಗಿ' ಎಂದದ್ದು ಕೇಳಿ ನನ್ನ ಜೀವವೇ ಹೋದ ಹಾಗಾಯಿತು.

ನಮ್ಮ ಮನೆಮಾತು ತುಳು. ಆದರೆ ಮಾಸ್ಟ್ರ ಮಗಳು ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ಅವರು ಒಂದು ಕಟ್ಟಳೆ ಹಾಕಿದ್ದರು. ಮಗುವಿನ ಹತ್ತಿರ ಕನ್ನಡ ಮಾತ್ರ, ಅದೂ ಪುಸ್ತಕದ ಕನ್ನಡ. ಐವರ್ನಾಡೆಂಬ ಹಳ್ಳಿಯ ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದು ವಾಕ್ಯ ಜೋಡಿಸಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಪಲ್ಯ ತಳ ಹಿಡಿಯುತ್ತಿತ್ತು. ತಪ್ಪಿದರೆ ಅವರು ತಿದ್ದುತ್ತಿದ್ದರು. ಆ ಗೋಳೇ ಬೇಡವೆಂದು ಮಗುವಿನ ಎದುರು ಬಾಯಿ ಮುಚ್ಚಿಕೊಂಡೇ ಇದ್ದೆ.

ಪಕ್ಕದ ಮನೆಯ ಬ್ಯಾರಿ ಮುಸ್ಲಿಮರ ಹೆಂಗಸು ಐಸಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಸುಮತಿ ಹೋಗಿ ಅವಳ ಮುಂದೆ ಕೂರುತ್ತಿದ್ದಳು. ಐಸಮ್ಮ ತುಳುವಿನಲ್ಲಿ, ಈಗ ಎಲೆ ಕತ್ತರಿಸುದು, ಈಗ ಸುರುಟುದು, ಈಗ ನೂಲು ಸುತ್ತುದು ಎಂದು ಪ್ರತಿಯೊಂದನ್ನೂ ಅವಳಿಗೆ ಹೇಳುತ್ತಿದ್ದಳು.

ಒಂದು ದಿನ ಸುಮತಿ ಕೆಂಪು ನೂಲಿನ ಉಂಡೆಗೆ ಬೆರಳು ತೋರಿಸಿದಳು. ನಾನು ಎಂದಿನಂತೆ ಎತ್ತಿಕೊಡಲು ಹೋದೆ. ಐಸಮ್ಮ ನನ್ನ ಕೈ ಹಿಡಿದಳು.

"ಕೊಡಬೇಡಿ ಮಾರಾಯ್ರೆ. ಕೇಳುವ ಮೊದಲೇ ಕೊಟ್ಟರೆ ಅವಳಿಗೆ ಮಾತು ಎಂತಕ್ಕೆ?"

ಮತ್ತೆ ಮೆಲ್ಲಗೆ, ನೀವು ನನ್ನ ಹತ್ತಿರ ಇಷ್ಟು ಮಾತಾಡುತ್ತೀರಿ, ಮಗಳ ಹತ್ತಿರ ಯಾಕಿಲ್ಲ ಎಂದು ಕೇಳಿದಳು. ನನಗೆ ಅಳು ಬಂತು. ಮಾಸ್ಟ್ರ ಕಟ್ಟಳೆಯನ್ನು ಹೇಳಿದೆ. ಅವಳು ನಗಲಿಲ್ಲ. ಮಾಸ್ಟ್ರು ಸಂಜೆವರೆಗೆ ಶಾಲೆಯಲ್ಲಿರುತ್ತಾರಲ್ಲ ಎಂದಳು, ಅಷ್ಟೆ.

ಮರುದಿನದಿಂದ ನಾನು ಕದ್ದು ತುಳು ಮಾತಾಡತೊಡಗಿದೆ. ಬಟ್ಟೆ ಒಗೆಯುವಾಗ, ಬಸಳೆ ಸೋಸುವಾಗ, ಏನು ಮಾಡಿದರೂ ಅವಳಿಗೆ ಹೇಳುವುದು. ಹೇಳಿ, ಅವಳ ಮುಖ ನೋಡುತ್ತಾ ಸುಮ್ಮನೆ ಕಾಯುವುದು. ಕಾಯುವುದೇ ಕಷ್ಟ, ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಒಂದು ತಿಂಗಳು ಕಳೆದರೂ ಏನೂ ಆಗಲಿಲ್ಲ. ಗಂಡನಿಗೆ ಮೋಸ ಮಾಡಿದ್ದೂ ಆಯಿತು, ಮಗಳು ಮೂಗಿಯಾಗಿಯೇ ಉಳಿದಳು ಎಂದು ಎದೆ ಒಡೆದಿತ್ತು.

ಆಮೇಲೊಂದು ಸಂಜೆ, ಐಸಮ್ಮ ಸುತ್ತಿ ಮುಗಿಸಿ ನೂಲನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಸುಮತಿ ಬೆರಳು ತೋರಿಸಿದಳು. ನಾವಿಬ್ಬರೂ ಅಲುಗಲಿಲ್ಲ. ಮಗು ನನ್ನನ್ನು ನೋಡಿತು, ಐಸಮ್ಮನನ್ನು ನೋಡಿತು.

"ಎಂಕ್ ಕೊರ್ಲೆ" ಅಂದಿತು. ನನಗೆ ಕೊಡಿ.

ಐಸಮ್ಮ ಉಂಡೆಯನ್ನೇ ಕೊಟ್ಟುಬಿಟ್ಟಳು. ನಾನು ಮಗುವನ್ನು ತಬ್ಬಿ ತಲೆ ಎತ್ತಿದರೆ ಮೆಟ್ಟಿಲ ಬಳಿ ನನ್ನವರು ನಿಂತಿದ್ದಾರೆ. ಯಾವಾಗ ಬಂದರೋ ಗೊತ್ತಿಲ್ಲ. ಬೈಗುಳಕ್ಕೆ ಸಿದ್ಧಳಾದೆ. ಅವರು ಕೊಡೆ ಕೆಳಗಿಟ್ಟು ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕಣ್ಣು ಒದ್ದೆಯಾಗಿತ್ತು.

"ನನ ದಾದ ಬೋಡು ಮಗಾ?" ಎಂದರು. ಇನ್ನೇನು ಬೇಕು ಎಂದು. ಅವರು ಮಗಳ ಹತ್ತಿರ ಆಡಿದ ಮೊದಲ ತುಳು ಮಾತು ಅದು.

ಮುಂದೆ ಸುಮತಿ ಶಾಲೆಗೆ ಹೋಗಿ ಕನ್ನಡವನ್ನು ತಾನಾಗಿಯೇ ಕಲಿತಳು. ಆ ಸಂಜೆ ಎದೆಯಿಂದ ಇಳಿದ ಭಾರವನ್ನು ನೆನೆದರೆ ನನಗೆ ಇಂದಿಗೂ ಕಣ್ಣು ತುಂಬುತ್ತದೆ. ಮೂರು ವರ್ಷ ಆ ಮಗು ನನ್ನ ಮಾತಿಗಾಗಿ ಕಾದಿತ್ತಲ್ಲ ಎಂಬ ಸಂಕಟವೂ ಜೊತೆಗಿದೆ.