ಡಿ ಡ್ರೈವ್‌ನಲ್ಲಿದ್ದ ಅಕ್ಕ

ಅಕ್ಕ ಇಳಕಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮನೆಯಲ್ಲೇ ಕುಳಿತು ಮಗ್ಗಿ, ಪದ್ಯಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸುತ್ತಿದ್ದಳು. ಪಕ್ಕದ ಮನೆಯ ಮಗ್ಗದ ಸದ್ದು ಜೋರಾದರೆ ಪಾಠ ನಿಲ್ಲಿಸಿ, "ತಡೀರಿ, ಅವರದು ಮುಗೀಲಿ" ಎನ್ನುವುದೂ ಅದರಲ್ಲಿ ಸೇರುತ್ತಿತ್ತು. ಅವಳು ತೀರಿಕೊಂಡ ಮೇಲೆ ಫೋನೂ ಕೆಟ್ಟಿತು. ಪಾಠಗಳು ಉಳಿದದ್ದು ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅಕ್ಕನ ಮಗಳು ರೊಟ್ಟಿ ಬಡಿಯುವಾಗ ಅವನ್ನು ಹಚ್ಚಿಕೊಂಡು ಕೇಳುತ್ತಿದ್ದಳು.

ಹುಡುಗಿ ಡಿಗ್ರಿ ಓದುತ್ತಿದ್ದಳು. ಆ ಲ್ಯಾಪ್‌ಟಾಪ್ ಶುರುವಾಗುವಷ್ಟರಲ್ಲಿ ಚಹಾ ಕುದಿಸಿ ಕುಡಿದು ಬರಬಹುದಿತ್ತು. ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ವಿಂಡೋಸ್ ತೆಗೆದು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಎಂಥ ಹಳೆಯ ಯಂತ್ರವೂ ಓಡುತ್ತದೆಂದು ಕಂಡಕಂಡವರಿಗೆ ಉಪದೇಶ ಮಾಡುವ ಚಟ ಬೇರೆ. ಒಂದು ರವಿವಾರ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಹೋದೆ.

ನಮ್ಮ ಕಡೆ ರಿಪೇರಿ ಅಂಗಡಿಗೆ ಹೋದರೆ ಕೇಳುವ ಮಾತು ಒಂದೇ: "ಸಿ ಹೊಡಿತೇವ್ರಿ, ಡಿ ಮುಟ್ಟೂದಿಲ್ಲ." ಡಿಸ್ಕಿನಲ್ಲಿ ವಿಂಡೋಸ್ ಇರುವ ಸಿ ಭಾಗವನ್ನಷ್ಟೇ ಅಳಿಸಿ ಹೊಸದಾಗಿ ತುಂಬುತ್ತಾರೆ. ಹಾಗಾಗಿ ಬೇಕಾದ್ದನ್ನೆಲ್ಲ ಡಿ ಡ್ರೈವ್‌ಗೆ ಸರಿಸಿ ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ನಾನೂ ಹಾಗೆಯೇ ಹೇಳುತ್ತ ಬಂದವನು.

"ಬೇಕಾದ್ದೆಲ್ಲಾ ಡಿ ಒಳಗ ಹಾಕೀಯಿಲ್ಲ?" ಎಂದು ಕೇಳಿದೆ.

"ಹಾಕೇನ್ರಿ ಮಾಮಾ. ಅವ್ವನ ಪಾಠಾನೂ ಅಲ್ಲೇ ಅದಾವು."

"ಹಂಗಾರ ಚಿಂತಿ ಬಿಡು."

ಪೆನ್‌ಡ್ರೈವ್‌ನಿಂದ ಯಂತ್ರ ಎದ್ದಿತು. ಭಾಷೆ ಯಾವುದು, ವೈಫೈ ಯಾವುದು ಎಂದೆಲ್ಲ ಕೇಳಿ, ಡಿಸ್ಕ್ ಏನು ಮಾಡಲಿ ಎಂದಿತು. ಲಿನಕ್ಸಿನಲ್ಲಿ ಸಿ, ಡಿ ಎಂಬ ಹೆಸರುಗಳೇ ಇರುವುದಿಲ್ಲ. ಇಡೀ ಡಿಸ್ಕ್ ಅಳಿಸುವ ಆಯ್ಕೆ ಎದುರಿಗಿತ್ತು. ಕಾಲೇಜಿನ ಖಾಲಿ ಯಂತ್ರಗಳಿಗೆ ಅದನ್ನೇ ಒತ್ತಿ ಒತ್ತಿ ಬೆರಳಿಗೆ ರೂಢಿಯಾಗಿತ್ತು. ಎಲ್ಲವೂ ಅಳಿದುಹೋಗುತ್ತದೆಂದು ಎಚ್ಚರಿಕೆಯೂ ಬಂತು. ಎಲ್ಲವೂ ಎಂದರೆ ಸಿ ಅಷ್ಟೇ ಎಂದು ತಲೆಯಲ್ಲಿ ಕೂತುಬಿಟ್ಟಿತ್ತಲ್ಲ! ಮಕ್ಕಳಿಗೆ ಎಚ್ಚರಿಕೆ ಓದಿ ಎಂದು ಗದರಿಸುವ ಈ ಮಹಾನುಭಾವ ತಾನು ಓದದೆ ಮುಂದೆ ಒತ್ತಿದ.

ಒಂದು ತಾಸಿನೊಳಗೆ ಲ್ಯಾಪ್‌ಟಾಪ್ ಹೊಸದರಂತೆ ಓಡತೊಡಗಿತು. ಹುರುಪು ತಡೆಯಲಾಗಲಿಲ್ಲ. ಹುಡುಗಿಗೆ ಅನುಕೂಲವಾಗಲೆಂದು ನನ್ನ ಪಾಠಗಳ ವಿಡಿಯೊಗಳನ್ನೂ ಡಿಸ್ಕ್ ತುಂಬುವ ತನಕ ಅದಕ್ಕೆ ಹಾಕಿದೆ.

ಅವಳು ಪರದೆಯನ್ನು ಆಚೀಚೆ ನೋಡಿದಳು. "ಡಿ ಎಲ್ಲೈತ್ರಿ ಮಾಮಾ?"

ನಾನು ಅಳಿಸಿದ್ದು ಸಿ ಒಂದನ್ನೇ ಅಲ್ಲ, ಇಡೀ ಡಿಸ್ಕನ್ನು ಎಂಬುದು ಆಗ ಹೊಳೆಯಿತು.

ಅಳಿಸಿದ ಕೂಡಲೇ ಕೈ ತಡೆದಿದ್ದರೆ ಬಹಳಷ್ಟು ಮರಳಿ ಸಿಗುತ್ತಿತ್ತು. ನಾನು ಅಕ್ಕನ ಪಾಠಗಳಿದ್ದ ಜಾಗದ ಮೇಲೆಯೇ ನನ್ನ ಪಾಠಗಳನ್ನು ಬರೆದುಬಿಟ್ಟಿದ್ದೆ. ಆದರೂ ಲ್ಯಾಪ್‌ಟಾಪನ್ನು ವಿದ್ಯಾಗಿರಿಗೆ ಒಯ್ದು, ಅಳಿದ ಫೈಲುಗಳನ್ನು ಹುಡುಕುವ ತಂತ್ರಾಂಶವನ್ನು ಎರಡು ದಿನ ಓಡಿಸಿದೆ. ಹೆಸರಿಲ್ಲದ, ಬರೀ ನಂಬರಿನ ಫೈಲುಗಳು ರಾಶಿ ಬಿದ್ದವು. ಹೆಚ್ಚಿನವು ತೆರೆಯಲೇ ಇಲ್ಲ. ತೆರೆದ ಒಂದರಿಂದ ದನಿ ಬಂತು. ನನ್ನದೇ ದನಿ. ಅದನ್ನು ಕೇಳಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಪಾಠ ಕೇಳಿದ್ದ ಮಕ್ಕಳ ಮನೆಗಳಿಗೂ ಫೋನ್ ಮಾಡಿದೆ. "ಫೋನ್ ತುಂಬಿತ್ತು, ಅವಾಗೇ ತಗದ್ವಿರಿ" ಎಂದರು.

ಮುಂದಿನ ರವಿವಾರ ಲ್ಯಾಪ್‌ಟಾಪ್ ಮರಳಿ ಒಯ್ದೆ.

"ಒಂದೂ ಸಿಗಲಿಲ್ಲೇನ್ರಿ?"

"ಇಲ್ಲವ್ವ."

ಅವಳು ಅಳಲಿಲ್ಲ. ಲ್ಯಾಪ್‌ಟಾಪ್ ತೆರೆದು ನನ್ನ ವಿಡಿಯೊಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ನಾನು ತಡೆಯಲಾರದೆ, "ಈಗ ಅವನ್ನ ತಗದ್ರ ಅವ್ವಂದು ತಿರುಗಿ ಬರೂದಿಲ್ಲವ್ವ" ಎಂದೆ.

"ಗೊತ್ತೈತ್ರಿ," ಎಂದಳು, ಕಣ್ಣು ಪರದೆಯಿಂದ ಎತ್ತದೆ. "ಆದ್ರ ನೀವು ಅವ್ವನ ಮ್ಯಾಲೆ ಕುಂತೀರಿ. ಏಳ್ರಿ."