ಇಳಿದಂತೆ ಕಂಡ ಅಂಕಿ

ನಮ್ಮ ಭಾವನನ್ನು ಲಾಂಡ್ರಿಯಲ್ಲಿ ಎಲ್ಲರೂ ತಂತಿ ಅಂತಲೇ ಕರೆಯುತ್ತಿದ್ದರು. ಮೈಕಟ್ಟೂ ಹಾಗೇ, ಕಸುಬೂ ಅದೇ. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಸುಟ್ಟ ಮೋಟಾರು, ಕೆಟ್ಟ ಸ್ವಿಚ್ಚು, ಮುನಿಸಿಕೊಂಡ ಪಂಪು, ಎಲ್ಲಕ್ಕೂ ಅವರೇ ಗತಿ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೋದಂತೆ ನನ್ನ ಬಾಯಿಂದ ಆ ಮಾತು ಹೊರಡುವುದು ಕಷ್ಟ.

ಅಕ್ಕನಿಗೂ ಅಲ್ಲೇ ಕೆಲಸ, ನೆಲಮಾಳಿಗೆಯಲ್ಲಿ. ಆಳೆತ್ತರದ ಇಸ್ತ್ರಿ ರೋಲರಿಗೆ ಒದ್ದೆ ಹಾಸುಬಟ್ಟೆ ಕೊಟ್ಟರೆ ಆ ಕಡೆಯಿಂದ ಬಿಸಿಬಿಸಿಯಾಗಿ, ಗರಿಗರಿಯಾಗಿ ಬರುತ್ತಿತ್ತು. ಅದನ್ನು ಮಡಿಸಿ ಒಟ್ಟುವುದು ಅವಳ ಪಾಲು. ಅವಳ ಬೆನ್ನ ಹಿಂದಿನ ಗೋಡೆಯಾಚೆಯೇ ಬಾಯ್ಲರು. ನಾನು ಮೇಲೆ, ಗಂಟುಗಳನ್ನು ಕೊಟ್ಟು ತೆಗೆದುಕೊಳ್ಳುವ ಕೌಂಟರಿನಲ್ಲಿ.

ಬಾಯ್ಲರು ಸರಿಯಾಗಿ ಉರಿಯದಿದ್ದರೆ ವಿಷದ ಗಾಳಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಂದದ್ದೇ ಗೊತ್ತಾಗುವುದಿಲ್ಲ. ಅದಕ್ಕಾಗಿ ಮಾಲೀಕರು ನೆಲಮಾಳಿಗೆಯ ಗೋಡೆಗೆ ಒಂದು ಸೆನ್ಸರ್ ಹಾಕಿಸಿದರು. ಅದು ಕಳಿಸುವ ಅಂಕಿ ನನ್ನ ಕೌಂಟರಿನ ಮೇಲಿನ ಪರದೆಯಲ್ಲಿ ಕಾಣಬೇಕು, ಅರವತ್ತು ಮುಟ್ಟಿದರೆ ಗಂಟೆ ಹೊಡೆದುಕೊಳ್ಳಬೇಕು, ಎಲ್ಲರೂ ಹೊರಗೆ ಬರಬೇಕು. ಈ ವ್ಯವಸ್ಥೆ ಮಾಡುವ ಕೆಲಸವನ್ನು ಭಾವ ತಾವಾಗಿಯೇ ಮೈಮೇಲೆ ಎಳೆದುಕೊಂಡರು. ಆಗಷ್ಟೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದರಲ್ಲ, ಕೈ ತುರಿಸುತ್ತಿತ್ತು.

ಸೆನ್ಸರಿನ ಎಣಿಕೆ ನಮ್ಮದಲ್ಲ. ನಾವು ಒಂಬತ್ತಾದ ಮೇಲೆ ಹತ್ತು ಅನ್ನುತ್ತೇವೆ. ಅದು ಎ, ಬಿ, ಸಿ, ಡಿ, ಇ, ಎಫ್ ಎಂದು ಹದಿನೈದರವರೆಗೂ ಒಂದೊಂದೇ ಅಕ್ಷರದಲ್ಲಿ ಹೋಗಿ, ಹದಿನಾರಕ್ಕೆ ಒಂದು-ಸೊನ್ನೆ ಬರೆಯುತ್ತದೆ. ಹೆಕ್ಸ್ ಅನ್ನುತ್ತಾರೆ. ಭಾವನಿಗೆ ಇದೊಂದು ಹುಚ್ಚೇ ಹಿಡಿದುಬಿಟ್ಟಿತು. ಊಟಕ್ಕೆ ಕೂತಾಗಲೂ ಅದೇ ಮಾತು.

"ನಿನಗೆ ನಲವತ್ತಾಯ್ತು ಅಂತ ಯಾರು ಹೇಳಿದ್ದು? ಹೆಕ್ಸ್ ಲೆಕ್ಕದಲ್ಲಿ ಇನ್ನೂ ಇಪ್ಪತ್ತೆಂಟು ಕಣೇ," ಎಂದು ಅಕ್ಕನನ್ನು ರೇಗಿಸುತ್ತಿದ್ದರು.

"ಹಾಗಾದ್ರೆ ನಿಮ್ಮ ತಲೆಕೂದಲನ್ನ ಅದರಲ್ಲಿ ಎಣಿಸ್ಬೇಡಿ. ಇರೋದೇ ಅಷ್ಟು, ಇನ್ನೂ ಕಡಿಮೆ ಕಾಣುತ್ತೆ," ಅನ್ನುತ್ತಿದ್ದಳು ಅಕ್ಕ. ಅವರ ಮಗಳು ನಕ್ಕೂ ನಕ್ಕೂ ಬಿಕ್ಕಳಿಸುತ್ತಿದ್ದಳು.

ಹೆಕ್ಸ್ ಅಂಕಿಯನ್ನು ನಮ್ಮ ಲೆಕ್ಕಕ್ಕೆ ತರಲು ಪೈಥಾನಿನಲ್ಲಿ ಒಂದು ಸಾಲು ಸಾಕು. ಇಂಟ್ ಎಂದು ಬರೆದು, ಬಂದ ಅಂಕಿಯನ್ನು ಕೊಟ್ಟು, ಪಕ್ಕದಲ್ಲಿ ಹದಿನಾರು ಎಂದು ಹೇಳಿದರೆ ಮುಗಿಯಿತು. ಆದರೆ ಅದೇ ತಂತಿಯಲ್ಲಿ ನೀರಿನ ಕಾವು ಅಳೆಯುವ ಹಳೆಯ ಮೀಟರುಗಳೂ ಇದ್ದವು. ಅವು ನಮ್ಮ ಹಾಗೆ ಹತ್ತರ ಲೆಕ್ಕದಲ್ಲೇ ಮಾತಾಡುವಂಥವು. ಯಾವುದು ಯಾವ ಲೆಕ್ಕದಲ್ಲಿ ಮಾತಾಡುತ್ತದೆಂದು ಒಂದೊಂದಕ್ಕೂ ಬೇರೆ ಬೇರೆ ಬರೆಯಲು ಒಂದಿಷ್ಟು ಒದ್ದಾಡಬೇಕಿತ್ತು. ಭಾವ ಅಡ್ಡದಾರಿ ಹಿಡಿದರು. ಅಂಕಿಯಲ್ಲಿ ಅಕ್ಷರ ಕಂಡರೆ ಅದು ಹೆಕ್ಸ್, ಬದಲಿಸು. ಬರೀ ಅಂಕಿಯೇ ಇದ್ದರೆ ಅದು ನಮ್ಮದು, ಹಾಗೇ ಬಿಡು. ಪರೀಕ್ಷೆ ಮಾಡುವಾಗ ಸೆನ್ಸರ್ ಎರಡು-ಎಫ್ ಕಳಿಸಿತು, ಪರದೆಯಲ್ಲಿ ನಲವತ್ತೇಳು ಮೂಡಿತು. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆಮೇಲೆ ಪರದೆಯಲ್ಲಿ ದಿನವೂ ಮೂರು, ನಾಲ್ಕು, ಹೆಚ್ಚೆಂದರೆ ಏಳು. ಗಾಳಿ ಶುದ್ಧವಾಗಿದ್ದಾಗ ಬರುವ ಆ ಪುಟ್ಟ ಅಂಕಿಗಳು ಎರಡೂ ಲೆಕ್ಕದಲ್ಲಿ ಒಂದೇ. ತಪ್ಪು ಒಳಗೇ ಬೆಚ್ಚಗೆ ಕೂತಿತ್ತು, ಗಾಳಿ ಕೆಡುವ ದಿನಕ್ಕೆ ಕಾಯುತ್ತ.

ಆ ದಿನ ಮೈ ಕೊರೆಯುವ ಗಾಳಿಯಿತ್ತು. ಚಳಿ ತಾಳದೆ ಹೆಂಗಸರು ನೆಲಮಾಳಿಗೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಬಾಯ್ಲರಿನ ಹೊಗೆಗೊಳವೆಯೊಳಗೆ ಇಟ್ಟಿಗೆ ಕುಸಿದು ಹೊಗೆಯ ದಾರಿ ಮುಚ್ಚಿತ್ತೆಂದು ಗೊತ್ತಾದದ್ದು ಆಮೇಲೆ. ಊಟದ ಬಿಡುವಿಗೆ ಮುಂಚೆ ಗಂಟೆ ಹೊಡೆದುಕೊಂಡಿತು. ಹೆಂಗಸರು ಗೊಣಗುತ್ತ ಮೇಲೆ ಬಂದು ಪಡಸಾಲೆಯಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ಗಂಟೆ ತಾನಾಗಿ ಸುಮ್ಮನಾಯಿತು. ಪರದೆ ನೋಡಿದರೆ ಅರವತ್ತಮೂರು ಹೋಗಿ ನಲವತ್ತು ಬಂದಿದೆ.

"ಅದಕ್ಕೂ ಚಳಿಗೆ ಕೆಮ್ಮು ಬಂದಿತ್ತೇನೋ," ಎಂದು ಅಕ್ಕ ನಗಿಸಿದಳು. ಎಲ್ಲರೂ ಕೆಳಗೆ ಹೋದರು.

ಗಂಟೆ ಮತ್ತೆ ಹೊಡೆದುಕೊಂಡಾಗ ಹೆಂಗಸರು ಪುನಃ ಮೇಲೆ ಬಂದರು, ತಾರಸಿಯ ಮೇಲಿದ್ದ ಭಾವನೂ ಓಡಿಬಂದರು. ಪರದೆಯಲ್ಲಿ ಎಪ್ಪತ್ತೊಂಬತ್ತು. ಅವರು ನೋಡುತ್ತಿದ್ದಂತೆಯೇ ಅದು ಐವತ್ತಾಯಿತು, ಗಂಟೆ ನಿಂತಿತು. ಹೊರಗೆ ಆಸ್ಪತ್ರೆಯ ಲಾರಿಯವನು ಹಾರನ್ ಬಾರಿಸುತ್ತಿದ್ದ.

"ನೋಡಿ, ಇಳೀತಾ ಇದೆ. ಸುಮ್ನೆ ಗಾಬರಿ ಬೀಳ್ಬೇಡಿ, ಕೆಲಸ ನೋಡ್ಕೊಳಿ," ಎಂದರು ಭಾವ.

"ತಲೆ ಸಿಡೀತಿದೆ ರೀ," ಎಂದಳು ಅಕ್ಕ.

"ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ ನೀನು, ಅದಕ್ಕೇ. ನೀರು ಕುಡಿ, ಸರಿಹೋಗುತ್ತೆ."

ಅಕ್ಕ ಉಳಿದವರ ಜೊತೆ ಕೆಳಗಿಳಿದಳು. ಕೌಂಟರಿನ ಮುಂದೆ ಜನ ಇದ್ದರು, ನಾನು ಅವರ ಗಂಟುಗಳತ್ತ ತಿರುಗಿದೆ.

ಗಂಟೆಯ ಈ ಚಪಲ ಬಿಡಿಸುತ್ತೇನೆಂದು ಭಾವ ನನ್ನ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದು ಕೂತರು. ಎಡಗಡೆ ಸೆನ್ಸರ್ ಕಳಿಸಿದ್ದು, ಬಲಗಡೆ ಅವರು ಬರೆದ ಪೈಥಾನ್ ಸ್ಕ್ರಿಪ್ಟ್ ಬದಲಿಸಿದ್ದು, ಸಾಲು ಸಾಲಾಗಿ ಬರುತ್ತಿತ್ತು. ಎಡಕ್ಕೆ ಐದು-ಮೂರು, ಬಲಕ್ಕೆ ಐವತ್ತಮೂರು. ಎಡಕ್ಕೆ ಐದು-ಆರು, ಬಲಕ್ಕೆ ಐವತ್ತಾರು. ಬಹಳ ಹೊತ್ತು ಅಲ್ಲೇ ಸುಳಿದಾಡುತ್ತಿತ್ತು. ಭಾವ ಆಕಳಿಸುತ್ತ ಏನೋ ಟೈಪ್ ಮಾಡುತ್ತಿದ್ದರು. ಆಗ ಎಡಕ್ಕೆ ಐದು-ಒಂಬತ್ತು, ಬಲಕ್ಕೆ ಐವತ್ತೊಂಬತ್ತು. ಮರುಸಾಲಿನಲ್ಲಿ ಎಡಕ್ಕೆ ಐದು-ಎ, ಬಲಕ್ಕೆ ತೊಂಬತ್ತು. ಗಂಟೆ ಮೂರನೆಯ ಸಲ ಕೂಗಿತು.

ಭಾವನ ಕೈ ಅಲ್ಲೇ ನಿಂತಿತು. "ಐವತ್ತೊಂಬತ್ತರ ಮುಂದಿನದು ತೊಂಬತ್ತು ಹೇಗಾಗುತ್ತೆ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಸಾಲುಗಳ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಮತ್ತೆ ಓದಿದರು. ಐದು-ಒಂಬತ್ತು ಎಂದರೆ ಐವತ್ತೊಂಬತ್ತಲ್ಲ, ಎಂಬತ್ತೊಂಬತ್ತು. ಅಕ್ಷರವಿಲ್ಲವೆಂದು ಅವರ ಸ್ಕ್ರಿಪ್ಟ್ ಅದನ್ನು ಮುಟ್ಟದೆ ಬಿಟ್ಟಿತ್ತು. ನಲವತ್ತಕ್ಕೆ ಇಳಿಯಿತು ಎಂದುಕೊಂಡಾಗ ಅದು ಅರವತ್ತನಾಲ್ಕಕ್ಕೆ ಏರಿತ್ತು, ಐವತ್ತಕ್ಕೆ ಇಳಿದಾಗ ಎಂಬತ್ತಕ್ಕೆ. ಗಂಟೆ ಬಾಯಿ ಮುಚ್ಚಿದಾಗಲೆಲ್ಲ ಕೆಳಗಿನ ಗಾಳಿ ಇನ್ನಷ್ಟು ಕೆಟ್ಟಿತ್ತು.

"ಎಲ್ಲಾ ಹೊರಗೆ ಬನ್ನಿ!" ಎಂದು ಕಿರುಚುತ್ತ ಮೆಟ್ಟಿಲು ಹಾರಿದರು. ಗಂಟೆ ಕೂಗುತ್ತಲೇ ಇತ್ತು, ಒಬ್ಬರೂ ಜಾಗ ಬಿಟ್ಟು ಕದಲಿರಲಿಲ್ಲ. ಎರಡು ಸಲ ಸುಳ್ಳೇ ಕೂಗಿದ ಗಂಟೆಗೆ ಯಾರು ಕಿವಿ ಕೊಡುತ್ತಾರೆ? ನಾನು ಅವರ ಹಿಂದೆಯೇ ಇಳಿದು ಕಿಟಕಿಯ ಗಾಜುಗಳನ್ನು ಕೈಗೆ ಸಿಕ್ಕಿದ್ದರಲ್ಲಿ ಒಡೆದೆ. ಹೆಂಗಸರು ತೂರಾಡುತ್ತ, ಗೋಡೆ ಹಿಡಿದು ಹತ್ತಿದರು. ಒಬ್ಬಳು ವಾಂತಿ ಮಾಡಿಕೊಂಡಳು. ಇನ್ನೊಬ್ಬಳು ಸುಮ್ಮಸುಮ್ಮನೆ ನಗುತ್ತಿದ್ದಳು.

ಅಕ್ಕ ತುದಿಯಲ್ಲಿದ್ದಳು, ಬಾಯ್ಲರಿನ ಗೋಡೆಯ ಹತ್ತಿರ. ಮಡಿಸಿಟ್ಟ ಬಿಸಿ ಹಾಸುಬಟ್ಟೆಗೆ ಒರಗಿ ಕೂತಿದ್ದಳು. ಕೆನ್ನೆ ಕೆಂಪಗೆ ತುಂಬಿಕೊಂಡಿತ್ತು. ಅಷ್ಟು ಆರೋಗ್ಯವಾಗಿ ಅವಳನ್ನು ನೋಡಿ ಎಷ್ಟು ಕಾಲವಾಗಿತ್ತೋ. ಸದ್ಯ, ದಣಿದು ನಿದ್ದೆ ಹೋಗಿದಾಳೆ ಅಂದುಕೊಂಡೆ, ದೇವರಾಣೆಗೂ ಹಾಗೇ ಅಂದುಕೊಂಡೆ. ಆ ಕೆಂಪು ಆ ಗಾಳಿಯೇ ಬಳಿದದ್ದೆಂದು ಆಮೇಲೆ ಡಾಕ್ಟರು ಹೇಳಿದರು. ಭಾವ ಅವಳನ್ನು ಎತ್ತಿಕೊಂಡು ಹೋಗಿ ಲಾರಿ ನಿಲ್ಲುವ ಅಂಗಳದಲ್ಲಿ ಮಲಗಿಸಿದರು, ಎದೆ ಒತ್ತಿದರು, ಕರೆದರು. ಅಕ್ಕ ಕಣ್ಣು ಬಿಡಲಿಲ್ಲ.

ವಿಚಾರಣೆಗೆ ಬಂದವರಿಗೆಲ್ಲ ಭಾವನದ್ದು ಒಂದೇ ಮಾತು, "ಬರೆದಿದ್ದು ನಾನು." ಸೆನ್ಸರಿನ ಮೇಲಾಗಲಿ ಮಾಲೀಕರ ಮೇಲಾಗಲಿ ಗೂಬೆ ಕೂರಿಸಲಿಲ್ಲ. ಸ್ಕ್ರಿಪ್ಟನ್ನು ಅವರೇ ಕೂತು ತಿದ್ದಿಕೊಟ್ಟರು. ಯಾರಿಗಾಗಿ ತಿದ್ದುತ್ತೀರಿ ಈಗ ಎಂದು ನಾನು ಎಲ್ಲರ ಎದುರಿಗೇ ಕಿರುಚಾಡಿದೆ. ಆ ಕೋಪ ಇನ್ನೂ ಆರಿಲ್ಲ. ಆದರೂ ಅಕ್ಕನ ಮಗಳನ್ನು ನೋಡಿಕೊಳ್ಳಲೆಂದು ಅದೇ ಮನೆಯಲ್ಲಿದ್ದೇನೆ, ಅವರ ತಟ್ಟೆಗೂ ನಾನೇ ಬಡಿಸುತ್ತೇನೆ.

ಮೊನ್ನೆ ಊಟಕ್ಕೆ ಕೂತವರು ತಲೆಯೆತ್ತದೆ ಕೇಳಿದರು, "ಕೊನೇ ಸಲ ಕೆಳಗೆ ಹೋಗೋವಾಗ ನಿನ್ನ ಹತ್ರ ನಿಂತಿದ್ಲಲ್ಲ. ಏನಾದ್ರೂ ಅಂದ್ಲಾ?"

ಅಂದಿದ್ದಳು. ತಲೆನೋವಾದರೆ ಇಲ್ಲೇ ಸ್ವಲ್ಪ ಕೂತುಕೋ ಎಂದು ನಾನು ಸೆರಗು ಹಿಡಿದಾಗ, ಬಿಡಿಸಿಕೊಂಡು, "ಅವರೇ ನೋಡಿದಾರಲ್ಲೇ, ಇನ್ನೇನು ಭಯ," ಅಂದಿದ್ದಳು. ಆ ಮಾತನ್ನು ಅವರ ಮುಖಕ್ಕೆ ಎಸೆಯಬೇಕೆಂದು ಎಷ್ಟು ಸಲ ನಾಲಿಗೆಯ ತುದಿಗೆ ಬಂದಿದೆಯೋ ಲೆಕ್ಕವಿಲ್ಲ. ಎಸೆದರೆ ಆ ಮನುಷ್ಯ ಉಳಿಯುವುದಿಲ್ಲ, ಮಗುವಿಗೆ ಅಪ್ಪನೂ ಇಲ್ಲದಂತಾಗುತ್ತದೆ.

"ಇಲ್ಲ ಭಾವ, ಏನೂ ಅನ್ನಲಿಲ್ಲ," ಎಂದೆ.

ಅವರು ತಲೆಯಾಡಿಸಿ ತಟ್ಟೆಗೆ ಕೈ ಹಾಕಿದರು.