ಸಾವಿರ ಮಂದಿ ನೋಡಿದ ಹಾಡು

ಆಯುಧಪೂಜೆಯ ದಿನ ನಮ್ಮ ಆಫೀಸಿನಲ್ಲಿ ಯಾರೋ ಕಂಪ್ಯೂಟರಿಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದರು. ಬಿಸಿ ಪ್ಲಾಸ್ಟಿಕ್ಕಿಗೆ ಹೊಗೆ ಬೆರೆತ ಆ ವಾಸನೆಗೆ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿದ್ದ ಸೈಬರ್ ಕೆಫೆ ನೆನಪಾಯಿತು. ಅದರ ಹಿಂದೆಯೇ ನಮ್ಮ ಪಕ್ಕದ ಮನೆಯ ಅಕ್ಕ...

ಕ್ಯಾಮೆರಾ ಇರುವ ಮೊಬೈಲುಗಳು ಆಗಷ್ಟೇ ನಮ್ಮೂರಿಗೆ ಬಂದಿದ್ದವು. ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಅಕ್ಕನ ತವರು ಮಾಗಳ. ಅಲ್ಲಿ ಅವರು ತಾಯಿಯ ಜೊತೆ ಮದುವೆ ಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದರು. ಗಂಡನ ಮನೆಯಲ್ಲಿ ಅದು ನಿಂತಿತು. ಮಂದಿಯ ಅಂಗಳದಲ್ಲಿ ಹಾಡಿ ಉಡಿ ತುಂಬಿಸಿಕೊಂಡು ಬರುವ ಹೆಂಗಸರು ಆ ಮನೆತನದಲ್ಲಿ ಇರಲಿಲ್ಲವಂತೆ. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಜೋಳ ಕೇರುತ್ತಾ ಹಾಡಿದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು. ಮರುದಿನ ನಮ್ಮ ಮಾವನ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಮುಖ ಬೇಡವೆಂದರು. ಮೊರ, ಎರಡು ಕೈ, ದನಿ ಅಷ್ಟೇ.

ಇಂಟರ್ನೆಟ್ಟಿಗೆ ಹಾಕಿದರೆ ಎಷ್ಟು ಜನ ನೋಡಿದರೆಂದು ಅದೇ ಎಣಿಸುತ್ತದೆ ಎಂದು ಹೇಳಿದವಳು ನಾನು.

“ಸಾವಿರ ಮಂದಿ ನೋಡ್ಲಿ ತಂಗಿ. ಆವಾಗ ನಾನ ನಮ್ಮ ಮನಿಯವ್ರಿಗೆ ಹೇಳ್ತೀನಿ, ಇದು ನಂದು, ನನ್ನ ಹಾಡಾಕ ಬಿಡ್ರಿ ಅಂತ. ಮಂದಿ ಒಪ್ಪಿದ್ದಕ್ಕ ಅವರು ಇಲ್ಲ ಅನ್ನಂಗಿಲ್ಲ.”

ಸೈಬರಿಗೆ ಹೋಗಿ ಹಾಕಿದೆ. ಹದಿನೈದು ದಿನದಲ್ಲಿ ನೋಡಿದವರು ನಾಲ್ಕು. ನಾಲ್ಕೂ ನಾನೇ.

ಆಮೇಲೆ ಸೈಬರಿನ ಐದೂ ಕಂಪ್ಯೂಟರುಗಳಲ್ಲಿ ಅದನ್ನೇ ಹಚ್ಚಿ, ಮುಗಿದೊಡನೆ ಮತ್ತೆ ಹಚ್ಚತೊಡಗಿದೆ. ಕಾಲೇಜಿನ ಲ್ಯಾಬಿನಲ್ಲಿ, ಮಾವನ ಮೊಬೈಲಿನಲ್ಲಿ, ಹಡಗಲಿಯ ಗೆಳತಿಯ ಮನೆಯಲ್ಲಿ...

“ಏನ್ರಿ ಅಕ್ಕಾರ, ಈ ಸಲ ಪರೀಕ್ಷಾಕ ಜೋಳ ಹಸನು ಮಾಡೋದು ಐತೇನ್ರಿ?” ಎಂದು ಸೈಬರಿನವನು ನಗುತ್ತಿದ್ದ.

ಸಂಜೆ ಅಕ್ಕ ಗೋಡೆಯ ಹತ್ತಿರ ಬರುತ್ತಿದ್ದರು.

“ಎಷ್ಟಾತು?”

“ಮುನ್ನೂರು, ಅಕ್ಕಾ.”

“ಯಾವೂರವ್ರಂತ?”

“ದಾವಣಗೆರಿ, ಹುಬ್ಬಳ್ಳಿ...” ಎಂದುಬಿಟ್ಟೆ. ಅವರ ಮುಖ ನೋಡಿದ ಮೇಲೆ ನನಗೆ ನಿಲ್ಲಿಸಲು ಆಗಲಿಲ್ಲ.

ಕೇಳಿ ಕೇಳಿ ಸೈಬರಿನವನಿಗೂ ಹಾಡು ಹಿಡಿಸಿತು. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ಬಂದವರಿಗೆಲ್ಲ ಅದನ್ನೂ ಹಾಕಿಕೊಟ್ಟ. ಅಕ್ಕನ ಗಂಡ ಹಡಗಲಿ ದಾರಿಯಲ್ಲಿ ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಓಡಿಸುತ್ತಿದ್ದರು. ಅವರ ಮೊಬೈಲಿಗೂ ಬಂತು.

ಎಣಿಕೆ ಸಾವಿರ ದಾಟಿದ ವಾರ ಅಕ್ಕ ಹೇಳಿದರು:

“ಉಣ್ಣಾಕ ಕುಂತಾಗ ಹಚ್ಚಿದ್ರು. ಏನ್ ದನಿ ಐತಿ ಈಕೀದು, ಕೇಳು ಅಂದ್ರು. ಹಂಚಿನ ಮ್ಯಾಲೆ ರೊಟ್ಟಿ ಬಿಟ್ಟು ಬಂದು ಹೇಳಿದೆ, ನಾನ ಹಾಡಿದ್ದು ಅಂತ.”

“ಏನಂದ್ರು?”

“ನಕ್ಕರು. ಹನ್ನೊಂದು ವರ್ಷ ಆತು, ನಿನ್ನ ದನಿ ನನಗ ಗೊತ್ತಿಲ್ಲೇನು ಅಂದ್ರು. ಕೈ ಸೈತ ಗುರ್ತ ಸಿಗಲಿಲ್ಲ ತಂಗಿ. ಹಾಡು ನೋಡೂಣು ಅಂದಿದ್ರ ಹಾಡ್ತಿದ್ದೆ. ಅನ್ನಲಿಲ್ಲ.”

ನಾನು ಬಂದು ಹೇಳುತ್ತೇನೆ ಎಂದೆ.

“ಬ್ಯಾಡ. ನೀ ಹೇಳಿದ್ರ ನಂಬ್ತಾರ. ನಾ ಹೇಳಿದ್ದು ನಂಬಬೇಕಿತ್ತು.”

ಅಲ್ಲಿಂದ ಮುಂದೆ ಬೆಳಿಗ್ಗೆ ಗಾಡಿ ತೊಳೆಯುವಾಗ, ಸಂಜೆ ಉಣ್ಣುವಾಗ ಆ ಮನೆಯಲ್ಲಿ ಅದೇ ಹಾಡು, ಅದರ ನಡುವೆ ಅಕ್ಕ ರೊಟ್ಟಿ ಬಡಿಯುವ ಸದ್ದು. ಒಂದು ದಿನ ಗೋಡೆಯ ಹತ್ತಿರ ಮೆಲ್ಲಗೆ ಕೇಳಿದರು: “ಆ ಸಾವಿರ ಮಂದೀಗೆ ಹೇಳಾಕ ಬರ್ತೈತೇನು, ಇನ್ನ ಸಾಕು ಮಾಡ್ರಿ ಅಂತ?”

ಆ ಸಾವಿರ ಮಂದಿ ಯಾರೆಂದು ಅವರಿಗೆ ನಾನು ಹೇಳಲೇ ಇಲ್ಲ...

ಅಕ್ಕ ತೀರಿಕೊಂಡರೆಂದು ಕಳೆದ ಬೇಸಿಗೆಯಲ್ಲಿ ಅಮ್ಮ ಫೋನ್ ಮಾಡಿದ್ದರು. ಗಂಡ ಈಗಲೂ ಟ್ರ್ಯಾಕ್ಸಿನಲ್ಲಿ ಆ ಹಾಡು ಹಚ್ಚುತ್ತಾರಂತೆ. ಹಾಡಿದವರು ಯಾರೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೇಳಿದರೆ ನಂಬುತ್ತಾರೆ. ಅದಕ್ಕೇ ಹೇಳಲಾಗಿಲ್ಲ.